ಹಿಂದೆ ನಡೆಯುವವರು

‘ಅವಲಂಬಿತರು’ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ರೇಷನ್ ಕಾರ್ಡಿನ ಅರ್ಜಿ ಇರಲಿ, ಆಫೀಸಿನ ಕಾಗದ ಇರಲಿ, ಅದಕ್ಕೊಂದು ಕಾಲಂ ಇದ್ದೇ ಇರುತ್ತದೆ. ಹೆಂಡತಿಯ ಹೆಸರು, ಮಕ್ಕಳ ಹೆಸರು, ವಯಸ್ಸಾದ ತಂದೆತಾಯಿಯರ ಹೆಸರು ಸಾಲಾಗಿ ಬರೆದು ಕೆಳಗೆ ಸಹಿ ಹಾಕಿದರೆ ಮುಗಿಯಿತು. ಆ ಮನೆಯಲ್ಲಿ ನಿಜವಾಗಿ ಯಾರು ಯಾರನ್ನು ನೆಚ್ಚಿಕೊಂಡಿದ್ದಾರೆ ಎಂದು ಕಾಲಂ ಕೇಳುವುದಿಲ್ಲ. ಸಂಬಳ ಯಾರ ಹೆಸರಿಗೆ ಬರುತ್ತದೆ ಎನ್ನುವುದಷ್ಟೇ ಅದಕ್ಕೆ ಬೇಕು. ಸಹಿ ಹಾಕಿದ ಯಜಮಾನರು ತಮ್ಮ ಕರವಸ್ತ್ರ ಎಲ್ಲಿದೆಯೆಂದು ತಿಳಿಯುವುದಕ್ಕೂ ದಿನಾ ಅಡುಗೆಮನೆಯ ಕಡೆ ಕೂಗುವವರಾಗಿರಬಹುದು. ಅದನ್ನು ಬರೆಯಲು ಜಾಗ ಬಿಟ್ಟಿರುವುದಿಲ್ಲ.

ಈ ಮಾತು ನನಗೆ ತಾಗಿದ್ದು ಪರದೇಶದಲ್ಲಿ. 2002ರಲ್ಲಿ ನಮ್ಮವರಿಗೆ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಮೂರು ವರ್ಷದ ಕೆಲಸ ಬಂತು. ನಾನು ಆಗ ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠ ಹೇಳುತ್ತಿದ್ದೆ. ಕೆಲಸ ಬಿಟ್ಟು ಹೊರಟೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಇನ್ನೂ ಮಕ್ಕಳಾಗಿರಲಿಲ್ಲ, ಹೋಗದೆ ಇರುವ ಮಾತೇ ಯಾರ ಬಾಯಲ್ಲೂ ಬರಲಿಲ್ಲ. ನನ್ನ ವೀಸಾಕ್ಕೆ ಎಚ್-4 ಎಂದು ಹೆಸರು. ಮಾತಿನಲ್ಲಿ ಎಲ್ಲರೂ ‘ಡಿಪೆಂಡೆಂಟ್ ವೀಸಾ’ ಎನ್ನುತ್ತಿದ್ದರು. ಆ ವೀಸಾ ಇದ್ದವರು ಅಲ್ಲಿ ಒಂದು ಕಾಸಿನ ಸಂಬಳದ ಕೆಲಸ ಮಾಡುವಂತಿರಲಿಲ್ಲ. 2015ರಲ್ಲಿ ನಿಯಮ ಬದಲಾಗಿ ಅಂಥ ಕೆಲವರಿಗೆ ಅನುಮತಿ ಸಿಗುವಂತಾಯಿತು, ಆದರೆ ಅದು ನಾವು ಮರಳಿ ಬಂದು ಹತ್ತು ವರ್ಷದ ಮೇಲಿನ ಮಾತು. ಯುಗಾದಿಗೆ ಒಂದೆಡೆ ಸೇರಿದ ಕನ್ನಡದ ಹೆಂಗಸರಲ್ಲಿ ಒಬ್ಬರು ಡಾಕ್ಟರು, ಇಬ್ಬರು ಇಂಜಿನಿಯರು, ಒಬ್ಬರು ಬ್ಯಾಂಕಿನಲ್ಲಿ ಇದ್ದವರು. ಪರಿಚಯ ಮಾಡಿಕೊಳ್ಳುವಾಗ ಕುಲಗೋತ್ರ ಹೇಳಿದ ಹಾಗೆ ‘ನಾನೂ ಎಚ್-4’ ಎಂದು ನಗುತ್ತಿದ್ದರು. ನಕ್ಕ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ.

ನಮ್ಮವರು ಒಂದು ದಿನವೂ ಲೆಕ್ಕ ಕೇಳಿದವರಲ್ಲ. ಆದರೂ ತವರಿಗೆ ಮಾತಾಡಲು ಫೋನ್ ಕಾರ್ಡು ಕೊಳ್ಳಬೇಕೆಂದರೆ ನಾನು ಹೇಳಬೇಕು, ಅವರು ಕೊಡಬೇಕು. ಕೈತುಂಬ ಸಂಬಳ ಎಣಿಸಿದವಳಲ್ಲದಿದ್ದರೂ ಸ್ವಂತದ್ದು ಎಂದು ಎಣಿಸಿದವಳಿಗೆ ಇದರ ಕಷ್ಟ ಗೊತ್ತು. ಇನ್ನೊಬ್ಬರನ್ನು ಆಶ್ರಯಿಸಿ ಬದುಕುವುದು ಸಣ್ಣತನವೇ? ಹಾಗಿದ್ದರೆ ನಮ್ಮ ಅಮ್ಮ, ಅಜ್ಜಿ ಎಲ್ಲರೂ ಸಣ್ಣವರಾಗಿ ಬದುಕಿದರೇ? ಮಧ್ಯಾಹ್ನದ ಖಾಲಿ ಮನೆಯಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಇದನ್ನು ಎಷ್ಟೋ ಸಲ ತಿರುವಿ ಹಾಕಿದ್ದೇನೆ. ಈ ಪ್ರಶ್ನೆಗೆ ಹೊಸ ಬೆಳಕು ಬಿದ್ದದ್ದು, ಆಶ್ಚರ್ಯವೆಂದರೆ, ಮಂಜಿನ ಮೇಲೆ ನಡೆಯುವುದನ್ನು ಕಲಿತಾಗ.

ಅಲ್ಲಿನ ಮಂಜನ್ನು ಸಿನಿಮಾದಲ್ಲಿ ನೋಡಿದವರಿಗೆ ಅದು ಹತ್ತಿಯಂತೆ ಕಾಣುತ್ತದೆ. ನಡೆಯಲು ಹೋದರೆ ಹೊಸದಾಗಿ ಬಿದ್ದ ಮಂಜು ಹತ್ತಿಯಂತೆಯೇ ಕಾಲ ಕೆಳಗಿನಿಂದ ಜಾರಿ, ಮೊಣಕಾಲಿನವರೆಗೂ ಕೆಲವು ಕಡೆ ತೊಡೆಯವರೆಗೂ ಹೂತುಹೋಗುತ್ತದೆ. ಕೊಲರಾಡೊದ ಮಂಜು ಒಣ ಮಂಜು. ಹತ್ತು ಇಂಚಿಗಿಂತ ಹೆಚ್ಚು ಬಿದ್ದದ್ದನ್ನು ಕರಗಿಸಿದರೂ ಒಂದು ಇಂಚು ನೀರು ಬರುವುದು ಕಷ್ಟ, ಉಳಿದದ್ದೆಲ್ಲ ಗಾಳಿ. ಅದರ ಮೇಲೆ ನಡೆಯಲೆಂದೇ ಸ್ನೋ ಶೂ ಇದೆ. ಶೂ ಎಂದರೆ ಶೂ ಅಲ್ಲ. ಬೂಟಿನ ಕೆಳಗೆ ಕಟ್ಟಿಕೊಳ್ಳುವ, ಎರಡು ಅಡಿಗೂ ಮಿಕ್ಕಿ ಉದ್ದದ ಒಂದು ಚೌಕಟ್ಟು. ಈಗ ಅಲ್ಯೂಮಿನಿಯಂ ಕೊಳವೆಯಲ್ಲಿ ಮಾಡಿ ನಡುವೆ ಗಟ್ಟಿ ಬಟ್ಟೆ ಬಿಗಿದು ಅಡಿಗೆ ಲೋಹದ ಹಲ್ಲು ಹಾಕುತ್ತಾರೆ. ಹಿಂದೆ ಅಲ್ಲಿನ ಮೂಲನಿವಾಸಿಗಳು ಮರವನ್ನು ಬಾಗಿಸಿ ಹಸಿ ಚರ್ಮದ ದಾರದಿಂದ ಹೆಣೆಯುತ್ತಿದ್ದರು. ನನಗೆ ಮೊದಲು ನೋಡಿದಾಗ ಎರಡೂ ಕಾಲಿಗೆ ಒಂದೊಂದು ಮೊರ ಕಟ್ಟಿಕೊಂಡ ಹಾಗೆ ಅನ್ನಿಸಿತು. ಎಂಟನೆಯ ಕ್ಲಾಸಿನ ವಿಜ್ಞಾನದ ಮಕ್ಕಳಿಗೆ ಇದರ ಗುಟ್ಟು ಗೊತ್ತು: ಭಾರ ಅಷ್ಟೇ, ಅದು ಹರಡುವ ಜಾಗ ದೊಡ್ಡದಾದರೆ ಒತ್ತಡ ಕಡಿಮೆ. ಒಂಟೆಯ ಪಾದದ ಪಾಠವೇ ಇದು. ಇಟಲಿಯ ಆಲ್ಪ್ಸ್ ಬೆಟ್ಟಗಳಲ್ಲಿ, ಆಸ್ಟ್ರಿಯಾದ ಗಡಿಯ ಹತ್ತಿರ, ಹಿಮನದಿಯ ಬಳಿ 2003ರಲ್ಲಿ ಸಿಕ್ಕಿದ ಒಂದು ಸ್ನೋ ಶೂ ಸುಮಾರು 5,800 ವರ್ಷ ಹಳೆಯದು. ಬಾಗಿಸಿದ ಬರ್ಚ್ ಮರದ ಕೋಲಿಗೆ ದಾರ ಕಟ್ಟಿದ್ದು. ಅಷ್ಟು ಹಿಂದೆಯೇ ಯಾರೋ ಒಬ್ಬರು ಹೂತುಹೋಗದೆ ಮನೆ ಮುಟ್ಟಬೇಕೆಂದು ಕುಳಿತು ಹೆಣೆದಿದ್ದಾರಲ್ಲ!

ನಮಗೆ ಕಲಿಸಿದವರು ಪಕ್ಕದ ಮನೆಯ ವೃದ್ಧ ದಂಪತಿಗಳು. ಆಕೆ ಶಾಲೆಯೊಂದರ ಲೈಬ್ರರಿಯಲ್ಲಿದ್ದು ನಿವೃತ್ತರಾದವರು, ಎಪ್ಪತ್ತರ ಹತ್ತಿರ. ಆತ ಆಕೆಗಿಂತ ದೊಡ್ಡವರು. 2003ರ ಮಾರ್ಚಿಯಲ್ಲಿ ದೊಡ್ಡ ಹಿಮಬಿರುಗಾಳಿ ಬಂದು ಮೂರು ದಿನ ಮಂಜು ಬಿತ್ತು. ಡೆನ್ವರ್ ಊರಿನಲ್ಲೇ 31 ಇಂಚಿಗೂ ಹೆಚ್ಚು. ನಾಲ್ಕನೆಯ ಬೆಳಿಗ್ಗೆ ನೋಡಿದರೆ ಆ ಅಜ್ಜ ತಮ್ಮ ಬಾಗಿಲ ಮುಂದಿನದಲ್ಲದೆ ನಮ್ಮ ಬಾಗಿಲ ಮುಂದಿನ ಕಾಲುಹಾದಿಯನ್ನೂ ಸಲಿಕೆಯಿಂದ ಬಿಡಿಸಿದ್ದರು. ನಾನು ಉಪ್ಪಿಟ್ಟು ಮಾಡಿ ಕೊಟ್ಟೆ. ಅಲ್ಲಿಂದ ಸ್ನೇಹ. ಮುಂದಿನ ಚಳಿಗಾಲದಲ್ಲಿ ಅವರೇ ನಮ್ಮನ್ನು ಬೆಟ್ಟಕ್ಕೆ ಕರೆದುಕೊಂಡು ಹೋದರು.

ಬೆಟ್ಟ ಎಂದರೆ ರಾಕಿ ಪರ್ವತಗಳು. 1915ರಲ್ಲಿ ಅವುಗಳ ಒಂದು ಭಾಗವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದ್ದಾರೆ. ಅಲ್ಲಿ ಬೇರ್ ಲೇಕ್ ಎಂಬ ಕೆರೆಯವರೆಗೆ ಚಳಿಗಾಲದಲ್ಲೂ ರಸ್ತೆ ತೆರೆದಿಡುತ್ತಾರೆ. ಆ ಕೆರೆಯೇ 9,400 ಅಡಿಗಿಂತ ಎತ್ತರದಲ್ಲಿದೆ, ಎಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೂರು ಸಾವಿರ ಅಡಿ ಮೇಲೆ. ಅಲ್ಲಿಂದ ಅಪ್ಸರೆಯ ಕೆರೆ, ಕನಸಿನ ಕೆರೆ, ಪಚ್ಚೆಯ ಕೆರೆ ಎಂಬ ಅರ್ಥದ ಹೆಸರಿನ ಮೂರು ಕೆರೆಗಳನ್ನು ಮುಟ್ಟುವ ಮೂರು ಕಿಲೋಮೀಟರಿನಷ್ಟು ದಾರಿ. ಕೆರೆಗಳೆಲ್ಲ ಹೆಪ್ಪುಗಟ್ಟಿ ಅಂಗಳದಂತೆ ಚಪ್ಪಟೆಯಾಗಿದ್ದವು. ಆ ಮೊದಲ ದಿನ ನನಗೆ ಏನೂ ಕಷ್ಟವಾಗಲಿಲ್ಲ. ಜನ ಓಡಾಡಿ ದಾರಿ ಗಟ್ಟಿಯಾಗಿತ್ತು. ಉಸಿರು ಮಾತ್ರ ಸಾಲುತ್ತಿರಲಿಲ್ಲ.

ಕಷ್ಟ ಗೊತ್ತಾದದ್ದು ಎರಡನೆಯ ಸಲ, ವೈಲ್ಡ್ ಬೇಸಿನ್ ಎಂಬ ಕಣಿವೆಯಲ್ಲಿ. ಹಿಂದಿನ ರಾತ್ರಿ ಮಂಜು ಬಿದ್ದಿತ್ತು. ನಮಗಿಂತ ಮೊದಲು ಯಾರೂ ಹೋಗಿರಲಿಲ್ಲ. ಹೊಸ ಮಂಜಿನಲ್ಲಿ ಮುಂದೆ ಹೋಗುವವರು ಸ್ನೋ ಶೂ ಕಟ್ಟಿದ್ದರೂ ಒಂದಡಿ ಹೂತುಹೋಗುತ್ತಾರೆ. ಪ್ರತಿ ಹೆಜ್ಜೆಗೂ ಮೊಣಕಾಲನ್ನು ಎತ್ತಿ, ಮಂಜು ತುಂಬಿದ ಮೊರವನ್ನು ಮೇಲಕ್ಕೆಳೆದು, ಮುಂದಿಟ್ಟು, ತುಳಿದು ಗಟ್ಟಿ ಮಾಡಬೇಕು. ಎರಡನೆಯವರಿಗೆ ಅರ್ಧ ಶ್ರಮ. ನಾಲ್ಕನೆಯವರಿಗೆ ಸಂತೆಬೀದಿ. ನಾನು ನಾಲ್ಕನೆಯವಳಾಗಿದ್ದೆ. ಚಳಿಯಲ್ಲಿ ಮುಂದಿದ್ದ ಅಜ್ಜ ಬೆವರುತ್ತಿದ್ದುದು ಹಿಂದಿನಿಂದಲೇ ಕಾಣುತ್ತಿತ್ತು.

ಕಾಲು ಗಂಟೆಯೂ ಆಗಿರಲಿಲ್ಲ, ಅವರು ದಾರಿ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು. ಏನಾಯಿತೋ ಎಂದು ನಾನು ಗಾಬರಿಯಾದೆ. ಏನೂ ಇಲ್ಲ. ನಾವು ಮೂವರೂ ದಾಟಿದ ಮೇಲೆ ಅವರು ಸಾಲಿನ ಕೊನೆಗೆ, ನನ್ನ ಹಿಂದೆ ಸೇರಿಕೊಂಡರು. ಈಗ ಮುಂದೆ ಅಜ್ಜಿ. ಆಮೇಲೆ ನಮ್ಮವರು. ಆಮೇಲೆ ಯಾರೂ ಏನೂ ಹೇಳದೆ ಮುಂದಿನ ಬಿಳಿ ಬಯಲು ನನ್ನ ಪಾಲಿಗೆ ಬಂತು.

ತೀರ್ಥಹಳ್ಳಿಯ ಕಡೆ ಹುಟ್ಟಿ ಬೆಳೆದ ನನಗೆ ಸಾಲಾಗಿ ನಡೆಯುವುದು ಹೊಸದಲ್ಲ. ಕಾಡಿನ ಕಾಲುದಾರಿಯಲ್ಲಿ ಮುಂದೆ ಹೋಗುವವರ ಮುಖಕ್ಕೆ ಜೇಡರ ಬಲೆ, ಲಂಗಕ್ಕೆ ಹುಲ್ಲಿನ ಇಬ್ಬನಿ. ಹಿಂದಿನವರು ಒಣಗಿದ ಬಟ್ಟೆಯಲ್ಲಿ ಶಾಲೆ ಮುಟ್ಟುತ್ತಾರೆ. ನಮ್ಮಲ್ಲಿ ದೊಡ್ಡವರು, ಗಂಡಸರು ಮುಂದೆ. ಚಿಕ್ಕವರು, ಹೆಂಗಸರು ಹಿಂದೆ. ಅದನ್ನು ಗೌರವದ ಲೆಕ್ಕ ಎಂದು ತಿಳಿದಿದ್ದೆ. ಮುಂದೆ ನಡೆಯುವುದು ಪದವಿ, ಹಿಂದೆ ನಡೆಯುವುದು ಅದಕ್ಕಿಂತ ಕೆಳಗಿನದು. ಮಂಜಿನಲ್ಲಿ ಅದು ಪದವಿಯಾಗಿ ಕಾಣಲಿಲ್ಲ, ಮನೆಯ ಉಳಿದ ಕೆಲಸಗಳಂತೆ ಮಾಡಿ ಮುಗಿಸಬೇಕಾದ ಒಂದು ಕೆಲಸವಾಗಿ ಕಂಡಿತು. ಬಾವಿಯಿಂದ ನೀರು ಸೇದಿದ ಹಾಗೆ. ಸೇದಿದವರು ಸುಸ್ತಾದಾಗ ಹಗ್ಗ ಇನ್ನೊಬ್ಬರ ಕೈಗೆ ಹೋಗಬೇಕು. ಅವರು ಕೊಡದೆ ಹಿಡಿದುಕೊಂಡೇ ಇದ್ದರೆ ಅದು ತ್ಯಾಗವೋ, ಅಹಂಕಾರವೋ ಹೇಳುವುದು ಸುಲಭವಲ್ಲ.

ಸಾಲಾಗಿ ಬೆಟ್ಟ ಹತ್ತುವ ಕಥೆ ನಮ್ಮ ಪುರಾಣದಲ್ಲೂ ಒಂದಿದೆ. ಮಹಾಭಾರತದ ಕೊನೆಯಲ್ಲಿ ಪಾಂಡವರು ರಾಜ್ಯ ಬಿಟ್ಟು ಹಿಮವಂತದ ಕಡೆ ಹೊರಡುತ್ತಾರಲ್ಲ, ಮುಂದೆ ಧರ್ಮರಾಯ, ಅವನ ಹಿಂದೆ ವಯಸ್ಸಿನ ಕ್ರಮದಲ್ಲಿ ನಾಲ್ವರು ತಮ್ಮಂದಿರು, ಅವರೆಲ್ಲರ ಹಿಂದೆ ದ್ರೌಪದಿ, ಜೊತೆಗೊಂದು ನಾಯಿ. ಮೊದಲು ಬಿದ್ದವಳು ದ್ರೌಪದಿ. ಐದು ಜನ ತುಳಿದ ದಾರಿಯಲ್ಲಿ ನಡೆದವಳು! ಏಕೆ ಬಿದ್ದಳೆಂದು ಕೇಳಿದವನು ಭೀಮ. ಅವಳಿಗೆ ಅರ್ಜುನನ ಮೇಲೆ ಪಕ್ಷಪಾತವಿತ್ತು ಎಂದು ಕಾರಣ ಹೇಳಿ ಧರ್ಮರಾಯ ತಿರುಗಿ ನೋಡದೆ ನಡೆದ. ಮುಂದೆ ಒಬ್ಬೊಬ್ಬರಾಗಿ ತಮ್ಮಂದಿರು ಬಿದ್ದಾಗಲೂ ಹಾಗೆಯೇ. ನಾಯಿಯನ್ನು ಬಿಟ್ಟು ಮಾತ್ರ ಸ್ವರ್ಗಕ್ಕೆ ಬರಲಾರೆ ಎಂದ.

ಈ ಪ್ರಸಂಗವನ್ನು ನಾನು ಎಷ್ಟು ವರ್ಷ ಮಕ್ಕಳಿಗೆ ಹೇಳಿದ್ದೇನೋ! ಪ್ರತಿ ವರ್ಷವೂ ಒಂದು ಹುಡುಗಿಯಾದರೂ ‘ಹೆಂಡತಿ ಬಿದ್ದರೆ ಎತ್ತಬಾರದಾ ಮಿಸ್?’ ಎಂದು ಕೇಳುತ್ತಾಳೆ. ಹುಡುಗರು ನಾಯಿಯ ವಿಷಯ ಕೇಳುತ್ತಾರೆ. ಧರ್ಮರಾಯನ ಪರವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಅದು ಎಲ್ಲ ಕಟ್ಟುಗಳನ್ನೂ ಬಿಟ್ಟು ಹೊರಟ ಪ್ರಯಾಣ, ಅಲ್ಲಿ ಗಂಡ ಹೆಂಡತಿ ಎಂಬ ಸಂಬಂಧವೂ ಕಳಚಿತ್ತು. ಇಂದ್ರ ರಥ ತಂದಾಗ ಬಿದ್ದವರನ್ನು ಬಿಟ್ಟು ಬರುವುದಿಲ್ಲ ಎಂದೂ ಅವನೇ ಹೇಳಿದ್ದಾನೆ. ಎಲ್ಲ ಸರಿ. ಆದರೆ ಬಿದ್ದ ಗಳಿಗೆಯಲ್ಲಿ ಕುತ್ತಿಗೆ ತಿರುಗಿಸಲಿಲ್ಲವಲ್ಲ ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ನಾವಾದರೋ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಮನೆಗೆ ಬಂದು ಅನ್ನಕ್ಕಿಡಬೇಕಾದವರು. ಅಂಥವರಿಗೆ ಅಜ್ಜಿ ಕಲಿಸಿದ ಮೊದಲ ಪಾಠವೇ ಬೇರೆ: ಮುಂದಿರುವವರು ಆಗಾಗ ನಿಂತು ಹಿಂದೆ ನೋಡಬೇಕು, ಸಾಲಿನಲ್ಲಿ ಎಲ್ಲರಿಗಿಂತ ನಿಧಾನದವರ ಹೆಜ್ಜೆಯೇ ಎಲ್ಲರ ಹೆಜ್ಜೆ.

ಅದೇ ಬೆಟ್ಟಗಳಲ್ಲಿ ನಡೆದ ಇನ್ನೊಬ್ಬ ಹೆಂಗಸಿನ ಕಥೆಯನ್ನು ಅಲ್ಲಿನ ಲೈಬ್ರರಿಯಲ್ಲಿ ಓದಿದೆ. ಇಸಾಬೆಲ್ಲಾ ಬರ್ಡ್ ಎಂಬ ಇಂಗ್ಲಿಷ್ ಹೆಂಗಸು 1873ರಲ್ಲಿ, ನಲವತ್ತು ದಾಟಿದ ಮೇಲೆ, 14,259 ಅಡಿ ಎತ್ತರದ ಲಾಂಗ್ಸ್ ಪೀಕ್ ಹತ್ತಿದಳು. ಜೊತೆಗೆ ದಾರಿ ತೋರಿಸಿದವನು ಜಿಮ್ ನ್ಯೂಜೆಂಟ್ ಎಂಬ ಒಂಟಿಗಣ್ಣಿನ ಬೇಟೆಗಾರ. ತಂಗಿಗೆ ಬರೆದ ಪತ್ರಗಳು 1879ರಲ್ಲಿ ಪುಸ್ತಕವಾದಾಗ, ತನ್ನನ್ನು ಅವನು ಬಹುಪಾಲು ಎಳೆದುಕೊಂಡೇ ಮೇಲಕ್ಕೆ ಹೋದನೆಂಬುದನ್ನು ಆಕೆ ಮುಚ್ಚಿಡಲಿಲ್ಲ. ಹಾಗೆ ಬರೆದುಕೊಂಡದ್ದರಿಂದ ಆಕೆಯೇನೂ ಚಿಕ್ಕವಳಾಗಲಿಲ್ಲ. ಮುಂದೆ ಲಡಾಖ್, ಪರ್ಷಿಯಾ, ಕೊರಿಯಾ, ಚೀನಾ ಎಲ್ಲ ತಿರುಗಿದಳು. 1892ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಹೆಂಗಸರನ್ನು ಸೇರಿಸಿಕೊಂಡಾಗ ಮೊದಲಿಗರಲ್ಲಿ ಆಕೆಯೂ ಒಬ್ಬಳು. ಕೈಹಿಡಿದು ಎಳೆಸಿಕೊಂಡದ್ದನ್ನು ಬಾಯಿಬಿಟ್ಟು ಹೇಳುವುದಕ್ಕೆ ಒಂದು ಬಗೆಯ ಸ್ವಾತಂತ್ರ್ಯ ಬೇಕು ಎಂದು ನನಗೆ ಅನ್ನಿಸಿದೆ. ಅಲ್ಲದೆ, ಗಂಡಸರು ಬರೆದ ಬೆಟ್ಟದ ಕಥೆಗಳಲ್ಲಿ ಹೊರೆ ಹೊತ್ತವರ ಹೆಸರು ಎಷ್ಟು ಸಲ ಬಂದಿದೆ ನೋಡಿ.

ಆ ವರ್ಷ ಒಂದು ಸಂಜೆ ಲೈಬ್ರರಿಯಲ್ಲಿ ಹಿಮಕುಸಿತದ ಬಗ್ಗೆ ತಿಳಿವಳಿಕೆ ಕೊಡುವ ಉಪನ್ಯಾಸವಿತ್ತು. ಅಜ್ಜಿ ಬಲವಂತ ಮಾಡಿ ಕಳಿಸಿದರು. ಅಮೆರಿಕದಲ್ಲಿ ಹಿಮಕುಸಿತದಿಂದ ಸಾಯುವವರು ಕೊಲರಾಡೊದಲ್ಲೇ ಹೆಚ್ಚು. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಕೆಳಗಿನ ಪದರ ಸಡಿಲವಿದ್ದು ಮೇಲೆ ಭಾರವಾದ ಮಂಜು ಕೂತಿದ್ದರೆ ಒಬ್ಬರ ತೂಕವೂ ಅದನ್ನು ಜಾರಿಸಬಹುದು. ಜನ ಸಾಯುವ ಕುಸಿತಗಳಲ್ಲಿ ಹೆಚ್ಚಿನವನ್ನು ಹುಟ್ಟಿಸಿದವರು ಸಿಕ್ಕಿಕೊಂಡವರೇ, ಇಲ್ಲವೇ ಅವರ ಜೊತೆಯವರೇ ಎಂದು ಕೇಳಿ ಮೈ ನಡುಗಿತು. ಹೂತವರನ್ನು ಹತ್ತು ಹದಿನೈದು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅಲ್ಲಿಂದ ಮುಂದೆ ಆಸೆ ಬೇಗ ಇಳಿಯುತ್ತದೆ. ಊರಿನಿಂದ ಯಾರೋ ಬಂದು ಕಾಪಾಡುವಷ್ಟು ಹೊತ್ತಿಲ್ಲ. ಜೊತೆಯಲ್ಲಿರುವವರೇ ಕಾಪಾಡಬೇಕು.

ಅದಕ್ಕಾಗಿ ಮೂರು ಸಾಮಾನು ಇಟ್ಟುಕೊಳ್ಳಬೇಕು. ಎದೆಗೆ ಕಟ್ಟಿಕೊಳ್ಳುವ, ಸಂಕೇತ ಕಳಿಸುವ ಮತ್ತು ಹಿಡಿಯುವ ಒಂದು ಪುಟ್ಟ ಯಂತ್ರ. ಮಂಜಿನೊಳಗೆ ಚುಚ್ಚಿ ಹುಡುಕಲು ಮಡಚುವ ಉದ್ದನೆಯ ಕೋಲು. ಒಂದು ಸಲಿಕೆ. ಇವನ್ನು ಮೇಜಿನ ಮೇಲೆ ಇಟ್ಟು ತೋರಿಸುತ್ತಿದ್ದಾಗ ನನಗೆ ಒಂದು ವಿಷಯ ಥಟ್ಟನೆ ಹೊಳೆಯಿತು. ನನ್ನ ಬೆನ್ನಿನ ಮೇಲಿನ ಸಲಿಕೆಯಿಂದ ನನಗೆ ಯಾವ ಪ್ರಯೋಜನವೂ ಇಲ್ಲ! ಹೂತವಳು ಸಲಿಕೆ ಹಿಡಿದು ಏನು ಮಾಡಿಯಾಳು? ಅದು ಅವರಿಗಾಗಿ. ನನ್ನ ಜೀವ ಅವರ ಬೆನ್ನಿನ ಚೀಲದಲ್ಲಿದೆ. ಇಳಿಜಾರನ್ನು ದಾಟುವಾಗಲೂ ಒಬ್ಬೊಬ್ಬರಾಗಿ ದಾಟಬೇಕು. ಒಬ್ಬರು ನಡೆಯುವಾಗ ಮಿಕ್ಕವರು ಕುಸಿತ ಮುಟ್ಟದ ಜಾಗದಲ್ಲಿ ನಿಂತು ಕಣ್ಣು ಕೀಳದೆ ನೋಡುತ್ತಿರಬೇಕು, ಕೊನೆಯ ಸಲ ಎಲ್ಲಿ ಕಂಡರು ಎಂದು ಹೇಳಲಿಕ್ಕೆ. ನಿಂತು ನೋಡುವುದೂ ಅಲ್ಲಿ ಒಂದು ಕೆಲಸ.

ನಾವು ಅಪಾಯದ ಇಳಿಜಾರುಗಳಿಗೆ ಹೋದವರಲ್ಲ. ಕಣಿವೆಯ ಕಾಡಿನ ನಡುವೆ, ತಗ್ಗು ದಾರಿಗಳಲ್ಲೇ ನಮ್ಮ ಓಡಾಟ. ಆದರೂ ಮುಂದಿನ ಎರಡು ಚಳಿಗಾಲ ಆ ಚೀಲ ಹೊತ್ತೆ. ಡಿಪೆಂಡೆಂಟ್ ಎಂಬ ಮಾತು ಹಾಗೆ ಹೊತ್ತು ನಡೆದಾಗ ಚುಚ್ಚುತ್ತಿರಲಿಲ್ಲ. ನಾನೂ ನೆಚ್ಚಿದ್ದೆ, ಅವರೂ ನೆಚ್ಚಿದ್ದರು, ಇಬ್ಬರಿಗೂ ಅದು ಗೊತ್ತಿತ್ತು. ಒಬ್ಬರೇ ನೆಚ್ಚಿಕೊಂಡಿದ್ದಾರೆ ಎಂದು ಕಾಗದ ಬರೆದುಕೊಟ್ಟಾಗಲೇ ಅದು ಚುಚ್ಚುವುದು.

ಇಷ್ಟಾದರೂ ನಮ್ಮಿಬ್ಬರ ನಡುವೆ ಒಂದು ತಕರಾರು ಉಳಿದಿತ್ತು. ಇಬ್ಬರೇ ಹೋದಾಗ ಅವರು ಮುನ್ನೂರು ಹೆಜ್ಜೆ ದಾರಿ ತುಳಿದು ನನಗೆ ನೂರೇ ಹೆಜ್ಜೆ ಬಿಡುತ್ತಿದ್ದರು. ‘ಸಾಕು ಕಣೇ, ಹಿಂದೆ ಬಾ’ ಎನ್ನುತ್ತಿದ್ದರು. ‘ಸಾಕೋ ಬೇಡವೋ ನನ್ನ ಕಾಲಿಗೆ ಗೊತ್ತು, ನೀವು ಸುಮ್ಮನೆ ಬನ್ನಿ’ ಎನ್ನುತ್ತಿದ್ದೆ. ಬಲ ಹೆಚ್ಚಿರುವವರು ಹೆಚ್ಚು ಹೊರಬೇಕು ಎಂಬುದು ಅವರ ನ್ಯಾಯ. ಅದು ಸುಳ್ಳಲ್ಲ. ಆದರೆ ಪಾಲು ಎಷ್ಟೆಂದು ಗೊತ್ತುಮಾಡುವವರೂ ಅವರೇ ಆದರೆ ಅದು ನ್ಯಾಯವೋ, ದಯೆಯೋ? ದಯೆ ಉಂಡು ಅಭ್ಯಾಸವಾದ ಮೇಲೆ ನ್ಯಾಯ ಕೇಳಲು ನಾಲಿಗೆ ಏಳುವುದಿಲ್ಲ. ಅಜ್ಜಿಯನ್ನು ಕೇಳಿದರೆ, ತಾವು ಹೆಜ್ಜೆಯನ್ನು ಎಣಿಸಿದ್ದೇ ಇಲ್ಲ ಎಂದರು. ಸುಸ್ತಾದ ಮೇಲೆ ಅಲ್ಲ, ಸುಸ್ತಾಗುವ ಮೊದಲೇ ಪಕ್ಕಕ್ಕೆ ಸರಿಯಬೇಕು, ಏಕೆಂದರೆ ಪೂರ್ತಿ ದಣಿದವರು ಎಲ್ಲರಿಗೂ ಹೊರೆ. ನಲವತ್ತು ವರ್ಷದಲ್ಲಿ ಗಂಡನಿಗೆ ಇದನ್ನು ಕಲಿಸಲು ಮೂವತ್ತು ವರ್ಷ ಹಿಡಿಯಿತಂತೆ.

2005ರಲ್ಲಿ ಊರಿಗೆ ಬಂದೆವು. ಬಿಟ್ಟುಹೋದ ಕೆಲಸ ಕಾದು ಕೂತಿರಲಿಲ್ಲ. ಬೆಂಗಳೂರಿನಲ್ಲಿ ಒಂದು ಶಾಲೆ, ಆಮೇಲೆ ಇನ್ನೊಂದು, ಎಲ್ಲ ಕಡೆಯೂ ಹೊಸಬಳಾಗಿ, ಕಡಿಮೆ ಸಂಬಳಕ್ಕೆ. 2007ರಲ್ಲಿ ಮಗಳು ಹುಟ್ಟಿದಳು. 2011ರಲ್ಲಿ ಸಾಗರದ ಒಂದು ಶಾಲೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೋಗುವುದೋ ಬಿಡುವುದೋ ಎಂದು ನಾನು ಎರಡು ವಾರ ಒದ್ದಾಡಿದೆ. ಒಂದು ರಾತ್ರಿ ಊಟ ಮುಗಿಸಿ ತಟ್ಟೆ ತೆಗೆಯುವಾಗ ನಮ್ಮವರು, ‘ನಾನು ಪಕ್ಕಕ್ಕೆ ಸರೀತೀನಿ, ನೀನು ಮುಂದೆ ನಡಿ’ ಎಂದರು. ಬೆಂಗಳೂರಿನ ಕೆಲಸ ಬಿಟ್ಟು ಬಂದು, ಮನೆಯಿಂದಲೇ ಮಾಡುವ ಸಣ್ಣಪುಟ್ಟ ಕಂಪ್ಯೂಟರ್ ಕೆಲಸ ಹಿಡಿದರು. ಮಗಳನ್ನು ಸ್ಕೂಲಿಗೆ ಬಿಟ್ಟು ಕರೆತರುತ್ತಿದ್ದವರೂ ಅವರೇ.

ಆಮೇಲೆ ನೆಂಟರ ಬಾಯಿ ನೋಡಬೇಕಿತ್ತು. ‘ಪಾಪ, ಹೆಂಡತಿ ಹಿಂದೆ ಬಂದುಬಿಟ್ಟ’ ಎಂದರು. ನಾನು ಮೂರು ವರ್ಷ ಗಂಡನ ಹಿಂದೆ ಹೋಗಿದ್ದಾಗ ಪಾಪ ಎಂದವರು ಒಬ್ಬರೂ ಇರಲಿಲ್ಲ. ‘ಅದೃಷ್ಟವಂತೆ, ಅಮೆರಿಕ ನೋಡಿದಳು’ ಎಂದಿದ್ದರು. ಒಂದು ಮದುವೆ ಮನೆಯಲ್ಲಿ ದೊಡ್ಡವರೊಬ್ಬರು ‘ಈಗೇನು ಮಾಡ್ಕೊಂಡಿದೀಯಪ್ಪಾ?’ ಎಂದು ಇವರನ್ನು ಕೇಳಿದರು. ಇವರು ‘ನಾನು ಎಚ್-4, ಮಾವ’ ಎಂದು ನಕ್ಕರು. ಮಾವನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಎಲೆಯ ಮುಂದೆ ಕೂತಿದ್ದ ನನಗೆ ನಗು ಬರಲಿಲ್ಲ.

ಮನೆಗೆ ಬಂದ ಮೇಲೆ, ತಮಾಷೆಗೆ ಹೇಳಿದ್ದಕ್ಕೆ ಸಿಟ್ಟೇಕೆ ಎಂದು ಕೇಳಿದರು. ನೀವು ಅದನ್ನು ಹೇಳಿ ನಗಬಲ್ಲಿರಿ, ಏಕೆಂದರೆ ನೀವಾಗಿ ಸರಿದು ನಿಂತಿರಿ. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ‘ಕೇಳಿದ್ದರೆ ಬರುತ್ತಿದ್ದೆಯಾ?’ ಎಂದರು. ಬರುತ್ತಿದ್ದೆನೇನೋ. ಹಾಗೆಂದು ಹೇಳಿದೆ ಕೂಡ. ‘ಹಾಗಾದರೆ ವ್ಯತ್ಯಾಸವೇನು?’ ಎಂಬುದು ಅವರ ಮಾತು. ವ್ಯತ್ಯಾಸ ಅದೇ ಎಂಬುದು ನನ್ನದು. ಆ ವಿಷಯ ಬಂದಾಗಲೆಲ್ಲ ನಾವಿಬ್ಬರೂ ಇಲ್ಲಿಗೇ ಬಂದು ನಿಲ್ಲುತ್ತೇವೆ.